ದುಬೈಗೆ ಆಟಕ್ಕೆ ಹೋದದ್ದು

"ಆಟಕ್ಕಾ? ದುಬೈಗಾ?" ಇಚ್ಚ ಚಾದ ಗ್ಲಾಸನ್ನು ಮೇಜಿನ ಮೇಲೆ ಇಟ್ಟೇ ಬಿಟ್ಟರು. "ಅಲ್ಲಿಗೆ ದುಡಿಯಲಿಕ್ಕೆ ಹೋಗುವುದು ಮಾರಾಯ. ಆಟಕ್ಕಾದರೆ ಇಲ್ಲೇ ಕುಂಬಳೆಯಲ್ಲಿ ಉಂಟಲ್ಲ."

ನಮ್ಮ ಕಡೆ ಆಟ ಅಂದರೆ ಯಕ್ಷಗಾನ. ಮಕ್ಕಳಿಗೆ ಥೀಮ್ ಪಾರ್ಕ್ ತೋರಿಸಲು ಕರಕೊಂಡು ಹೋಗುತ್ತೇನೆ ಎಂದು ಹೇಳಲು ಹೋಗಿ "ಮಕ್ಕಳ ಆಟಕ್ಕೆ" ಅಂದುಬಿಟ್ಟಿದ್ದೆ. ಆಮೇಲೆ ಒಂದು ತಿಂಗಳು ನನಗೆ ಅದೇ ಹೆಸರು. ಅಂಗಡಿ ಮುಂದೆ ಹೋಗುವವರು "ಆಟ ಯಾವಾಗ? ಯಾವ ಮೇಳ?" ಎಂದು ಕೇಳಿಯೇ ಹೋಗುತ್ತಿದ್ದರು.

ನಾನು ಬದಿಯಡ್ಕದ ಹತ್ತಿರ ಅಕ್ಷಯ ಕೇಂದ್ರ ನಡೆಸುತ್ತೇನೆ. ಕೇರಳದ ಹೊರಗಿನವರಿಗೆ ಗೊತ್ತಾಗಲಿಕ್ಕೆ ಹೇಳುವುದಾದರೆ, ಸರಕಾರದ ಆನ್‌ಲೈನ್ ಕೆಲಸಗಳನ್ನು ಜನರಿಗೆ ಮಾಡಿಕೊಡುವ ಜಾಗ. ಗಲ್ಫಿಗೆ ಹೋದ ಎಷ್ಟು ಜನರ ಪಾಸ್‌ಪೋರ್ಟ್ ಅರ್ಜಿ ತುಂಬಿಸಿದ್ದೇನೋ ಲೆಕ್ಕ ಇಲ್ಲ. ನಾನು ಮಾತ್ರ ಮಂಗಳೂರು ವಿಮಾನ ನಿಲ್ದಾಣದ ಗೇಟಿನವರೆಗೆ ಹೋದವ, ಅದೂ ಯಾರನ್ನೋ ಬಿಡಲಿಕ್ಕೆ. ಇಚ್ಚ ನಮ್ಮ ನೆರೆಮನೆಯವರು. 22 ವರ್ಷ ಅಬುಧಾಬಿಯಲ್ಲಿ ನೀರಿನ ಟ್ಯಾಂಕರ್ ಓಡಿಸಿ 2014ರಲ್ಲಿ ಊರಿಗೆ ಬಂದರು. ಈಗ ಮಗ ಅಲ್ಲಿದ್ದಾನೆ. ಊರಿನವರೆಲ್ಲ ಕರೆಯುವುದು ಇಚ್ಚ ಅಂತಲೇ, ನಾನೂ ಹಾಗೆಯೇ.

ಹೋಗುವುದು 2025ರ ಕ್ರಿಸ್ಮಸ್ ರಜೆಯಲ್ಲಿ. ನಾನು, ಹೆಂಡತಿ, 11 ವರ್ಷದ ಮಗಳು, 6 ವರ್ಷದ ಮಗ, ನನ್ನ ಅಮ್ಮ. ರಜೆಯ ಸಮಯ ಎಲ್ಲದಕ್ಕೂ ದುಬಾರಿ ಅಂತ ಗೊತ್ತಿತ್ತು. ಆದರೆ ನಮ್ಮ ಶಾಲೆಗಳ ದೊಡ್ಡ ರಜೆ ಏಪ್ರಿಲ್, ಮೇ. ಮೇ ತಿಂಗಳಲ್ಲಿ ಅಮ್ಮನನ್ನು ಆ ಬಿಸಿಲಿಗೆ ಕರಕೊಂಡು ಹೋಗುವುದು ಸಾಧ್ಯವೇ ಇರಲಿಲ್ಲ. ಅದೂ ಅಲ್ಲದೆ ಹೆಂಡತಿ ನೋಡಬೇಕೆಂದಿದ್ದ ಗ್ಲೋಬಲ್ ವಿಲೇಜ್ ಎಂಬ ದೇಶ ದೇಶಗಳ ಸಂತೆ ಚಳಿಗಾಲದಲ್ಲಿ ಮಾತ್ರ ತೆರೆದಿರುವುದು.

ಮೊದಲ ತಪ್ಪು ನನ್ನ ಮನೆಯ ಕಪಾಟಿನಲ್ಲೇ ಸಿಕ್ಕಿತು. ಅಮ್ಮನ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು. ಸರ್‌ನೇಮ್ ಎಂಬ ಜಾಗ ಖಾಲಿ. 2022ರ ನವೆಂಬರ್‌ನಿಂದ ಯುಎಇ ಪ್ರವಾಸಿ ವೀಸಾಕ್ಕೆ ಒಂಟಿ ಹೆಸರು ನಡೆಯುವುದಿಲ್ಲ. ಈ ಮಾತನ್ನು ನಾನೇ ನೂರಾರು ಗಿರಾಕಿಗಳಿಗೆ ಹೇಳಿದ್ದೇನೆ, ಹೇಳಿ ಅವರ ಅರ್ಜಿ ತಿದ್ದಿಸಿದ್ದೇನೆ. ಅಮ್ಮನದ್ದನ್ನು 2019ರಲ್ಲಿ ಮಾಡಿಸಿಟ್ಟವ ನಾನೇ. ತೆಗೆದು ನೋಡಿದವ ಅಲ್ಲ. ಹೊಸದಾಗಿ ಅರ್ಜಿ ಹಾಕಿ, ಕಾಸರಗೋಡಿನ ಅಂಚೆ ಕಚೇರಿಯಲ್ಲಿರುವ ಪಾಸ್‌ಪೋರ್ಟ್ ಕೇಂದ್ರಕ್ಕೆ ಅಮ್ಮನನ್ನು ಕರಕೊಂಡು ಹೋದೆ. "ಇಷ್ಟು ವರ್ಷ ಒಂದು ಹೆಸರಿನಲ್ಲಿ ಬದುಕಿದೆ. ಈಗ ಎರಡು ಬೇಕಾಯಿತಾ?" ಎಂದು ಅಮ್ಮ ದಾರಿಯುದ್ದಕ್ಕೂ ಕೇಳಿದರು.

ಮಂಗಳೂರಿನ ಒಬ್ಬ ಏಜೆಂಟರ ಹತ್ತಿರ ಪ್ಯಾಕೇಜಿಗೆ ದರ ಕೇಳಿದೆ. ಐದು ಜನಕ್ಕೆ 4 ಲಕ್ಷದ 60 ಸಾವಿರ. ಅದರ ಮೇಲೆ ಆಗಿನ ದರದಲ್ಲಿ 5 ಶೇಕಡಾ ಟಿಸಿಎಸ್. ಹೊರದೇಶದ ಪ್ರವಾಸದ ಪ್ಯಾಕೇಜ್ ಮಾರುವವರು ಆ ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟಬೇಕು. 10 ಲಕ್ಷ ದಾಟಿದರೆ ಆಗ 20 ಶೇಕಡಾ ಇತ್ತು. ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಸಿಗುತ್ತದೆ, ಹೋಗಿಬಿಡುವ ದುಡ್ಡಲ್ಲ. ಆದರೆ ಹೋಗುವ ಹೊತ್ತಿಗೆ ಕೈಯಿಂದ 23 ಸಾವಿರ ಹೋಗಿಯೇ ಹೋಗುತ್ತದೆ. ಅದಕ್ಕಿಂತ ನನಗೆ ಹಿಡಿಸದೆ ಹೋದದ್ದು ಅವರ ಪಟ್ಟಿ. ನಾಲ್ಕು ದಿನದಲ್ಲಿ ನಾಲ್ಕು ಪಾರ್ಕ್, ನಡುವೆ ಮಸೀದಿ, ಮರುಭೂಮಿ, ದೋಣಿಯಲ್ಲಿ ಊಟ. ಬೆಳಿಗ್ಗೆ 7ಕ್ಕೆ ವ್ಯಾನು ಬರುತ್ತದಂತೆ. ನಾನು ಮಾಡಿಸುವುದೇ ಬೇರೆಯವರ ಅರ್ಜಿ, ನನ್ನದನ್ನು ನಾನೇ ಮಾಡಿಕೊಳ್ಳಲಾರೆನಾ ಎಂಬ ಜಂಬವೂ ಸ್ವಲ್ಪ ಇತ್ತು. ಒಪ್ಪಿಕೊಳ್ಳುತ್ತೇನೆ.

ಅಂಗಡಿಯ ಹಳೇ ಲೆಡ್ಜರಿನಲ್ಲಿ ಒಂದು ಪುಟ ಖಾಲಿ ಮಾಡಿ ಪಾರ್ಕುಗಳ ಹೆಸರು ಬರೆದೆ. ಮೇಲೆ ದುಬೈ. ಐಎಂಜಿ ವರ್ಲ್ಡ್ಸ್ ಆಫ್ ಅಡ್ವೆಂಚರ್, 2016ರಲ್ಲಿ ಶುರುವಾದದ್ದು, ಇಡೀ ಪಾರ್ಕೇ ಒಂದು ಮಾಡಿನ ಕೆಳಗೆ. ಮೋಷನ್‌ಗೇಟ್. ಲೆಗೋಲ್ಯಾಂಡ್, ಅದು ಮುಖ್ಯವಾಗಿ 2ರಿಂದ 12 ವರ್ಷದ ಮಕ್ಕಳಿಗೆ. ಒಬ್ಬ ಗಿರಾಕಿ ಬಾಲಿವುಡ್ ಪಾರ್ಕ್ಸ್ ಬಿಡಲೇಬಾರದು ಅಂದ. ನೋಡಿದರೆ ಅದು 2023ರಲ್ಲೇ ಮುಚ್ಚಿದೆ. ಯೂಟ್ಯೂಬಿನ ಹಳೇ ವೀಡಿಯೋಗಳಲ್ಲಿ ಮಾತ್ರ ಇನ್ನೂ ಕುಣಿಯುತ್ತಿದ್ದಾರೆ. ಕೆಳಗೆ ಅಬುಧಾಬಿಯ ಯಾಸ್ ದ್ವೀಪ. ಫೆರಾರಿ ವರ್ಲ್ಡ್ 2010ರದ್ದು. ಯಾಸ್ ವಾಟರ್‌ವರ್ಲ್ಡ್ 2013. ವಾರ್ನರ್ ಬ್ರದರ್ಸ್ ವರ್ಲ್ಡ್ 2018. ಕಡಲ ಪ್ರಾಣಿಗಳನ್ನು ತೋರಿಸುವ ಸೀವರ್ಲ್ಡ್ 2023.

ಮಗಳು ಫೆರಾರಿ ಮೇಲೆ ಗೆರೆ ಎಳೆದಳು. ಮಗ ಟಾಮ್ ಆ್ಯಂಡ್ ಜೆರ್ರಿ ಇರುವ ವಾರ್ನರ್ ಬೇಕು ಅಂದ. ಹೆಂಡತಿ ಗ್ಲೋಬಲ್ ವಿಲೇಜ್ ಎಂದು ಪಟ್ಟಿಯ ಕೊನೆಗೆ ತಾನೇ ಬರೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಗೋಲ್ಡ್ ಸೂಕ್, ಅಂದರೆ ಚಿನ್ನದ ಪೇಟೆ, ಎಂದೂ ಸೇರಿಸಿದಳು. ಅಮ್ಮ, "ನನಗೆ ಎಂತದೂ ಬೇಡ, ನೀವು ಹೋಗಿ, ನಾನು ಎಲ್ಲಾದರೂ ಕೂತಿರುತ್ತೇನೆ" ಅಂದರು. ಐದು ನಿಮಿಷ ಬಿಟ್ಟು, "ಆ ಮೀನಿನದ್ದು ಎಂತ?" ಎಂದು ಕೇಳಿದರು. ಹುಟ್ಟಿದಾಗಿನಿಂದ ಮೀನು ತಿನ್ನದವರು ನನ್ನ ಅಮ್ಮ. ನೋಡಲು ಅಡ್ಡಿ ಇಲ್ಲವಂತೆ.

ಪಟ್ಟಿ ಕಡಿಮೆ ಮಾಡುವುದೇ ನಿಜವಾದ ಕೆಲಸ. ಈ ಪಾರ್ಕುಗಳು ನಮ್ಮ ಬೇಕಲ ಕೋಟೆಯ ಹಾಗೆ ಎರಡು ಗಂಟೆಯಲ್ಲಿ ಸುತ್ತಿ ಬರುವಂಥವಲ್ಲ. ಒಂದಕ್ಕೆ ಒಂದು ದಿನ. ಟಿಕೆಟ್ ಒಬ್ಬರಿಗೆ 350 ದಿರ್ಹಮ್ ಆಸುಪಾಸು. ಆಗ ದಿರ್ಹಮಿಗೆ 24 ರೂಪಾಯಿಯ ಹತ್ತಿರ. ಅಂದರೆ ತಲೆಗೆ 8 ಸಾವಿರಕ್ಕೂ ಮೇಲೆ. ಯಾಸ್‌ನಲ್ಲಿ ಎರಡು, ಮೂರು ಪಾರ್ಕ್ ಸೇರಿಸಿದ ಟಿಕೆಟ್ ತಗೊಂಡರೆ ಒಂದೊಂದಕ್ಕೆ ಬೀಳುವ ದರ ಕಡಿಮೆ. ಅದೇ ಗಾಳ. ಅಗ್ಗವಾಯಿತು ಅಂತ ಮೂರನೆಯದನ್ನು ತಗೊಳ್ಳುತ್ತೇವೆ, ಆಮೇಲೆ ಆ ಮೂರನೇ ದಿನಕ್ಕೆ ಕಾಲೇ ಇರುವುದಿಲ್ಲ.

ಇನ್ನೊಂದು ಎತ್ತರದ ವಿಷಯ. ಕೆಲವು ಕಡೆ ಮಕ್ಕಳ ಟಿಕೆಟಿಗೆ ವಯಸ್ಸು ನೋಡುತ್ತಾರೆ, ಕೆಲವು ಕಡೆ ಎತ್ತರ. ಒಳಗೆ ಹೋದ ಮೇಲೆ ಒಂದೊಂದು ರೈಡಿಗೂ ಬೇರೆ ಬೇರೆ ಎತ್ತರ ಬೇಕು. ಮಕ್ಕಳಿಬ್ಬರನ್ನೂ ಜಗಲಿಯ ಕಂಬಕ್ಕೆ ಒರಗಿಸಿ ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಹಾಕಿದೆ. ಮಗಳು 138 ಸೆಂಟಿಮೀಟರ್, ಮಗ 119. ಅವನ ಎತ್ತರಕ್ಕೆ ಫೆರಾರಿಯ ದೊಡ್ಡ ರೋಲರ್ ಕೋಸ್ಟರ್‌ಗಳೆಲ್ಲ ಹೊರಗಿನಿಂದ ನೋಡಲಿಕ್ಕೆ ಮಾತ್ರ. ಅಷ್ಟು ದುಡ್ಡು ಕೊಟ್ಟು ಕೆಳಗೆ ನಿಂತು ಅಳುವ ಮಗನನ್ನು ಯಾರು ಸಮಾಧಾನ ಮಾಡುವುದು? ಹೆಂಡತಿಯೇ ದಾರಿ ಹೇಳಿದಳು. ಒಂದು ದಿನ ಎಲ್ಲರೂ ಸೀವರ್ಲ್ಡ್. ಮರುದಿನ ನಾನು, ಮಗಳು ಫೆರಾರಿಗೆ. ಅವಳು, ಮಗ ವಾರ್ನರ್‌ಗೆ. ಎರಡೂ ಪಾರ್ಕ್ ಹತ್ತಿರ ಹತ್ತಿರವೇ ಇವೆ. ಅಮ್ಮ ಆ ದಿನ ದುಬೈಯ ಕರಾಮಾದಲ್ಲಿರುವ ಚಿಕ್ಕಮ್ಮನ ಮಗಳ ಮನೆಯಲ್ಲಿ. ಈ ಒಂದು ಯೋಚನೆಯಿಂದ ಉಳಿದ ದುಡ್ಡು ಯಾವ ಆಫರಿನಿಂದಲೂ ಉಳಿಯಲಿಲ್ಲ.

ಸರತಿಯಲ್ಲಿ ಕಾಯದೆ ಒಳಗೆ ಹೋಗುವ ಬೇರೆ ಟಿಕೆಟೂ ಉಂಟು, ಅದಕ್ಕೆ ಬೇರೆ ದುಡ್ಡು. ಟೆಂಟಿನ ಆಟದಲ್ಲಿ ಮುಂದಿನ ಆರಾಮ ಕುರ್ಚಿ ಇದ್ದ ಹಾಗೆ. ನಾವು ನೆಲದ ಟಿಕೆಟಿನವರು, ಬೇಡ ಅಂತ ಬಿಟ್ಟೆವು.

ಇನ್ನು ನನ್ನ ಜಂಬ ಇಳಿದ ಕಥೆ. ದೀಪಾವಳಿ ಆಫರ್ ಎಂದು ಒಂದು ಆನ್‌ಲೈನ್ ಟಿಕೆಟ್ ಮಾರುವ ಕಂಪನಿಯಲ್ಲಿ ದರ ಇಳಿದಿತ್ತು. ಪಾರ್ಕಿನವರದ್ದೇ ವೆಬ್‌ಸೈಟ್ ಅಲ್ಲ, ನಡುವಿನವರು. ವಾರ್ನರ್‌ನ ಎರಡು ಟಿಕೆಟ್ ಒಟ್ಟಿಗೆ 2 ಸಾವಿರ ರೂಪಾಯಿ ಕಡಿಮೆಗೆ ಸಿಕ್ಕಿತು. "ಓಪನ್ ಡೇಟ್" ಅಂತ ದಪ್ಪ ಅಕ್ಷರದಲ್ಲಿ ಇತ್ತು. ಯಾವ ದಿನ ಬೇಕಾದರೂ ಹೋಗಬಹುದು ಎಂದು ನಾನು ಅರ್ಥ ಮಾಡಿಕೊಂಡೆ. ದುಡ್ಡು ಕಟ್ಟಿದ ಮೇಲೆ ಬಂದದ್ದು ಟಿಕೆಟ್ ಅಲ್ಲ, ವೋಚರ್. ಅದನ್ನು ಪ್ರಿಂಟ್ ತೆಗೆದು, ಫೈಲಿನಲ್ಲಿ ಹಾಕಿ, ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ "ವಾರ್ನರ್: ಆಯಿತು" ಎಂದು ಬರೆದೆ.

ನವೆಂಬರ್ ಕೊನೆಗೆ ಮಗಳು ಆ ಫೈಲ್ ತಿರುವಿ ಹಾಕುತ್ತಿದ್ದಳು. "ಅಪ್ಪ, ಕೊಂಡ ದಿನದಿಂದ 60 ದಿನ ಅಂತ ಬರೆದಿದೆ ಇದರಲ್ಲಿ." ಅಕ್ಟೋಬರ್ 20ಕ್ಕೆ ಕೊಂಡದ್ದು. ಲೆಕ್ಕ ಹಾಕಿದರೆ ಡಿಸೆಂಬರ್ 19ಕ್ಕೆ ಮುಗಿಯಿತು. ನಾವು ವಿಮಾನ ಹತ್ತುವುದು 26ಕ್ಕೆ. ಬೇರೆಯವರ ಅರ್ಜಿಯ ಸಣ್ಣ ಅಕ್ಷರ ಓದಿ ಓದಿ ಕನ್ನಡಕ ಬಂದಿದೆ ನನಗೆ. ನನ್ನದೇ ಕಾಗದದಲ್ಲಿ ದಪ್ಪ ಅಕ್ಷರ ಮಾತ್ರ ಕಂಡದ್ದು.

ಆ ಕಂಪನಿಯವರಿಗೆ ಬರೆದೆ. ಮೊದಲು ಯಂತ್ರ ಉತ್ತರ ಕೊಟ್ಟಿತು, ಆಮೇಲೆ ಮನುಷ್ಯರು. ಎರಡೂ ಹೇಳಿದ್ದು ಒಂದೇ. ದುಡ್ಡು ವಾಪಸಿಲ್ಲ, ದಿನ ಮುಂದೂಡುವುದಿಲ್ಲ. ಮೂರು ಸಲ ಕೇಳಿದ ಮೇಲೆ ಮುಂದಿನ ಖರೀದಿಗೆ ಒಂದಿಷ್ಟು ಕೂಪನ್ ಕೊಟ್ಟರು. ಅದನ್ನು ನಾನು ಮುಟ್ಟಲಿಲ್ಲ. ಸುಮ್ನೆ ಪಾರ್ಕಿನವರ ಸ್ವಂತ ವೆಬ್‌ಸೈಟಿನಲ್ಲೇ ಎಲ್ಲ ಟಿಕೆಟ್ ಹೊಸದಾಗಿ ಕೊಂಡೆ. 2 ಸಾವಿರ ಉಳಿಸಲು ಹೋಗಿ 14 ಸಾವಿರಕ್ಕೂ ಮೇಲೆ ಹೋಯಿತು. ಈ ಲೆಕ್ಕ ಇಚ್ಚನಿಗೆ ಈಗಲೂ ಗೊತ್ತಿಲ್ಲ.

ಕಾರಿನ ವಿಷಯಕ್ಕೆ ಬರುತ್ತೇನೆ. ನನ್ನ ಮನಸ್ಸಿನಲ್ಲಿದ್ದದ್ದು ವಿಮಾನ ಇಳಿದಲ್ಲೇ ಕಾರು ತಗೊಂಡು, ಆರು ದಿನವೂ ನಾನೇ ಓಡಿಸುವುದು. ಇಚ್ಚ ಕೈ ಅಡ್ಡ ಆಡಿಸಿದರು. "ದುಬೈಯೊಳಗೆ ಕಾರು ಯಾಕೆ? ಮೆಟ್ರೋ ಉಂಟು, ಟ್ಯಾಕ್ಸಿ ಉಂಟು. ಪಾರ್ಕಿಂಗ್ ಹುಡುಕುವುದರಲ್ಲೇ ನಿನ್ನ ರಜೆ ಮುಗಿಯುತ್ತದೆ. ಅಬುಧಾಬಿಗೆ ಹೋಗುವ ಎರಡು ದಿನಕ್ಕೆ ಮಾತ್ರ ತಗೋ." ಕೂಡಿ ಕಳೆದು ನೋಡಿದೆ. ಕರಾಮಾದಿಂದ ಯಾಸ್‌ಗೆ 115 ಕಿಲೋಮೀಟರ್ ಹತ್ತಿರ. ಟ್ಯಾಕ್ಸಿ ಒಂದು ಸಲಕ್ಕೇ 250 ದಿರ್ಹಮಿನ ಮೇಲೆ ಆಗುತ್ತದೆ, ನಾಲ್ಕು ಸಲ ಓಡಾಟ. ಬಸ್ಸು ಅಗ್ಗ, ಆದರೆ ಅಮ್ಮನನ್ನು ಮೆಟ್ರೋ ಹತ್ತಿಸಿ, ಬಸ್ಸು ಹತ್ತಿಸಿ, ಮತ್ತೊಂದು ಬಸ್ಸು ಹತ್ತಿಸಿ… ಬೇಡ. ಎರಡು ದಿನಕ್ಕೆ ಕಾರು ಎಂದಾಯಿತು.

ಬಾಡಿಗೆ ದಿನಕ್ಕೆ 90 ದಿರ್ಹಮ್ ಎಂದು ತೋರಿಸಿತು. ಮುಂದೆ ಒತ್ತುತ್ತಾ ಹೋದರೆ ಅದು ಅಡಿಕೆ ಮರದ ಹಾಗೆ ಮೇಲೆ ಮೇಲೆ ಹೋಯಿತು. ತೆರಿಗೆ, ಮಗುವಿನ ಸೀಟು, ಅಪಘಾತವಾದರೆ ನಮ್ಮ ಕೈಯಿಂದ ಹೋಗುವ ಮೊತ್ತ ಕಡಿಮೆ ಮಾಡುವ ವಿಮೆ. ಕೊನೆಗೆ ದಿನಕ್ಕೆ 180. ವಿಮೆ ಬೇಡ ಅಂತ ಬಿಡಬಹುದಿತ್ತು. ಎಡ ಬದಿಯ ಸ್ಟೇರಿಂಗ್ ಜನ್ಮದಲ್ಲಿ ಮುಟ್ಟದವ ನಾನು, ಬಿಡಲಿಲ್ಲ. ದಿನ ಅಂದರೆ 24 ಗಂಟೆ, ತಡವಾದರೆ ಇನ್ನೊಂದು ದಿನದ ಲೆಕ್ಕ. ಹಾಗಾಗಿ ಭಾನುವಾರ ಬೆಳಿಗ್ಗೆ 8ರಿಂದ ಮಂಗಳವಾರ ಬೆಳಿಗ್ಗೆ 8ರ ತನಕ ಎಂದು ಹಾಕಿದೆ. ದಿನಕ್ಕೆ 250 ಕಿಲೋಮೀಟರ್ ಮಿತಿ. ನಮಗೆ ಬೇಕಾದದ್ದು 230. ಅದೊಂದು ಸರಿ ಹೊಂದಿತು.

ಸರಿ ಹೊಂದದೆ ಇದ್ದದ್ದು ನನ್ನ ಕಾಗದಗಳು. ಭಾರತದ ಲೈಸೆನ್ಸ್ ಇರುವ ಪ್ರವಾಸಿ ಅಲ್ಲಿ ಕಾರು ಓಡಿಸಬೇಕಾದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಸಾರಥಿ ಎಂಬ ಸರಕಾರದ ವೆಬ್‌ಸೈಟಿನಲ್ಲಿ ಅರ್ಜಿ ಹಾಕುವುದು, 1000 ರೂಪಾಯಿ ಶುಲ್ಕ, 1 ವರ್ಷಕ್ಕೆ ನಡೆಯುತ್ತದೆ. ಎಷ್ಟೋ ಜನಕ್ಕೆ ಮಾಡಿಸಿಕೊಟ್ಟಿದ್ದೇನೆ. ಆದರೆ ನನ್ನ ಲೈಸೆನ್ಸ್ ಇನ್ನೂ ಹಳೇ ಕಾಲದ್ದು, ಕಾಗದಕ್ಕೆ ಲ್ಯಾಮಿನೇಷನ್ ಹಾಕಿದ್ದು. ಕೇರಳದಲ್ಲಿ ಕಾರ್ಡಿನ ಲೈಸೆನ್ಸ್ ಬಂದದ್ದೇ 2023ರಲ್ಲಿ. ನನ್ನ ಹಳೇ ಲೈಸೆನ್ಸಿನಲ್ಲಿ ಹೆಸರಿನ ಹಿಂದೆ ಒಂದು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಪೂರ್ತಿ ಮನೆ ಹೆಸರು. ಕಾರಿನ ಕೌಂಟರಿನಲ್ಲಿ ಪಾಸ್‌ಪೋರ್ಟ್, ಲೈಸೆನ್ಸ್, ಪರ್ಮಿಟ್, ಕ್ರೆಡಿಟ್ ಕಾರ್ಡ್, ನಾಲ್ಕರಲ್ಲೂ ಒಬ್ಬನೇ ಮನುಷ್ಯ ಕಾಣಬೇಕು. ಲೈಸೆನ್ಸಿನಲ್ಲಿ ಹೆಸರು ತಿದ್ದಿಸಿ, ಕಾರ್ಡ್ ಬಂದ ಮೇಲೆ ಪರ್ಮಿಟಿಗೆ ಅರ್ಜಿ. ಎಲ್ಲ ಸೇರಿ ಒಂದೂವರೆ ತಿಂಗಳು ಹೋಯಿತು. ಸೆಪ್ಟೆಂಬರಿನಲ್ಲೇ ಶುರು ಮಾಡಿದ್ದರಿಂದ ಬಚಾವು.

ಕ್ರೆಡಿಟ್ ಕಾರ್ಡ್ ಅಂದೆನಲ್ಲ, ನನ್ನ ಹತ್ತಿರ ಅದು ಇರಲೇ ಇಲ್ಲ. ಸಾಲದ ಕಾರ್ಡು ಯಾಕೆ ಎಂದು ಇಷ್ಟು ವರ್ಷ ತಗೊಂಡವನಲ್ಲ. ಕಾರಿನವರು 1500 ದಿರ್ಹಮ್ ಠೇವಣಿ ತಡೆಹಿಡಿಯುತ್ತಾರೆ, ಓಡಿಸುವವನ ಹೆಸರಿನ ಕ್ರೆಡಿಟ್ ಕಾರ್ಡಿನಲ್ಲೇ. ಡೆಬಿಟ್ ಕಾರ್ಡ್ ಆಗುವುದಿಲ್ಲ ಎಂದು ಷರತ್ತಿನಲ್ಲಿ ಸ್ಪಷ್ಟ ಇತ್ತು. ಬ್ಯಾಂಕಿನಲ್ಲಿ 60 ಸಾವಿರದ ಎಫ್‌ಡಿ ಇಟ್ಟು ಅದರ ಮೇಲೆ ಒಂದು ಕಾರ್ಡ್ ಮಾಡಿಸಿದೆ. ಸಂಬಳದ ಚೀಟಿ ಇಲ್ಲದ ನನ್ನಂಥವರಿಗೆ ಅದೇ ಸುಲಭ. ಹೊಸ ಕಾರ್ಡ್ ಹೊರದೇಶದಲ್ಲಿ ತಾನಾಗಿ ಕೆಲಸ ಮಾಡುವುದಿಲ್ಲ. ಆ್ಯಪಿನಲ್ಲಿ ಹೋಗಿ ಇಂಟರ್‌ನ್ಯಾಷನಲ್ ಎಂಬುದನ್ನು ನಾವೇ ಆನ್ ಮಾಡಬೇಕು. ರಿಸರ್ವ್ ಬ್ಯಾಂಕಿನ ನಿಯಮ ಅದು. ಅಲ್ಲಿನ ಯಂತ್ರ ರೂಪಾಯಿಯಲ್ಲಿ ಕೊಡುತ್ತೀರಾ, ದಿರ್ಹಮಿನಲ್ಲಾ ಎಂದು ಕೇಳುತ್ತದೆ. ದಿರ್ಹಮ್ ಅನ್ನಬೇಕು. ರೂಪಾಯಿ ಅಂದರೆ ಅವರದ್ದೇ ದರ ಹಾಕುತ್ತಾರೆ, ಅದು ಜಾಸ್ತಿ.

ಡಿಸೆಂಬರ್ ಮೊದಲ ವಾರ ಇಚ್ಚ ನಮ್ಮ ಅಂಗಳಕ್ಕೆ ಬಂದರು. ಅಡಿಕೆ ಒಣಗಲು ಹಾಕಿತ್ತು. ಒಂದು ಮೂಲೆಯ ಅಡಿಕೆ ಸರಿಸಿ, ಕೋಲಿನಲ್ಲಿ ರಸ್ತೆ ಬರೆದು, ಅಡಿಕೆಗಳನ್ನೇ ಕಾರು ಮಾಡಿ ಪಾಠ ಶುರು ಮಾಡಿದರು.

"ಒಂದೇ ನೆನಪಿಟ್ಟುಕೋ. ಸ್ಟೇರಿಂಗ್ ಹಿಡಿದ ನೀನು ಯಾವಾಗಲೂ ರಸ್ತೆಯ ನಡುಗೆರೆಯ ಬದಿಗೆ ಇರಬೇಕು. ಊರಿನಲ್ಲೂ ಹಾಗೆಯೇ ಅಲ್ವಾ? ಅಲ್ಲಿಯೂ ಹಾಗೆಯೇ. ನೀನು ಚರಂಡಿ ಬದಿಗೆ ಬಂದೆ ಅಂದರೆ ತಪ್ಪು ರಸ್ತೆ."

ಇದರಷ್ಟು ಉಪಯೋಗಕ್ಕೆ ಬಂದ ಮಾತು ಬೇರೆ ಯಾವುದೂ ಇಲ್ಲ. ವೃತ್ತದಲ್ಲಿ ಎಡದಿಂದ ಬರುವವರಿಗೆ ದಾರಿ ಬಿಡಬೇಕು, ತೀರಾ ಎಡದ ಲೇನಿಗೆ ಹೋಗಬಾರದು, ಅದು ಅವಸರದವರದ್ದು. ಎಲ್ಲವನ್ನೂ ಅಡಿಕೆ ಓಡಿಸಿ ತೋರಿಸಿದರು. ಮಗ ನಡುವೆ ಎರಡು ಕಾರು ಎತ್ತಿಕೊಂಡು ಓಡಿದ.

ಆದರೆ ಇಚ್ಚ ಬಿಟ್ಟು ಬಂದ ಗಲ್ಫ್ 2014ರದ್ದು. "ಬೋರ್ಡಿನಲ್ಲಿ 120 ಇದ್ದರೆ 140ರ ತನಕ ಹೋಗು, ಕ್ಯಾಮರಾ ಹೊಡೆಯುವುದಿಲ್ಲ" ಅಂದರು. ರಾತ್ರಿ ಅವರ ಮಗ ವಾಟ್ಸಾಪಿನಲ್ಲಿ ವಾಯ್ಸ್ ಕಳಿಸಿದ. "ಬಾಪ್ಪ ಹೇಳಿದ್ದು ಈಗ ದುಬೈಯಲ್ಲಿ ಮಾತ್ರ ಸರಿ. ಅಬುಧಾಬಿಯಲ್ಲಿ 2018ರಲ್ಲೇ ಆ 20 ತೆಗೆದಿದ್ದಾರೆ. ಗಡಿ ದಾಟಿದ ಮೇಲೆ ಬೋರ್ಡಿನಲ್ಲಿ ಎಷ್ಟು ಉಂಟೋ ಅಷ್ಟೇ." ಸಾಲಿಕ್ ಎಂಬ ಟೋಲ್ ಗೇಟು ಒಂದಕ್ಕೆ 4 ದಿರ್ಹಮ್ ಅಂದಿದ್ದರು ಇಚ್ಚ. 2025ರ ಜನವರಿ ಕೊನೆಯಿಂದ ಅದು ವಾಹನ ಜಾಸ್ತಿ ಇರುವ ಹೊತ್ತಿಗೆ 6, ಬೇರೆ ಹೊತ್ತಿಗೆ 4, ರಾತ್ರಿ 1ರಿಂದ 6ರ ತನಕ ಇಲ್ಲ. ಭಾನುವಾರ ಸಾಮಾನ್ಯವಾಗಿ 4. ಶುಕ್ರವಾರ ರಜೆ ಅಂದಿದ್ದರು, 2022ರಿಂದ ರಜೆ ಶನಿವಾರ, ಭಾನುವಾರ. ಶುಕ್ರವಾರ ಅರ್ಧ ದಿನ. ಇದನ್ನೆಲ್ಲ ಇಚ್ಚನಿಗೆ ಹೇಳಲು ಮನಸ್ಸಾಗಲಿಲ್ಲ. ಒಂದು ದಾರಿ ಮಾತ್ರ ಅವರು ಹೇಳಿದ್ದು ಇವತ್ತಿಗೂ ಸರಿ ಇತ್ತು. "ಶೇಖ್ ಝಾಯೆದ್ ರೋಡು ಹಿಡಿಯಬೇಡ, 311 ನಂಬರಿನ ಹೆದ್ದಾರಿಯಲ್ಲಿ ಹೋಗು, ಸಾಲಿಕ್ ಇಲ್ಲ." ಅಬುಧಾಬಿಗೂ ದರ್ಬ್ ಎಂಬ ಟೋಲ್ ಇದೆ. ಆಗ ಅದು ಇದ್ದದ್ದು ನಗರದ ಸೇತುವೆಗಳ ಮೇಲೆ. ಯಾಸ್ ಈಚೆಗೇ ಸಿಗುವುದರಿಂದ ನಮಗೆ ಅದು ಅಡ್ಡ ಬರಲಿಲ್ಲ.

ಮಗಳು ಮುಂದಿನ ಸೀಟಿಗೆ ಆಗಲೇ ಟವೆಲ್ ಹಾಕಿಟ್ಟಿದ್ದಳು. ಅಲ್ಲಿಯ ಕಾನೂನು ನೋಡಿದರೆ ಮುಂದೆ ಕೂರಲು 10 ವರ್ಷವೂ ಆಗಿರಬೇಕು, 145 ಸೆಂಟಿಮೀಟರೂ ಇರಬೇಕು. ಕಂಬದ ಗೆರೆಗೆ ಇನ್ನೂ 7 ಬೇಕು. ಅಮ್ಮ ಮುಂದೆ ಎಂದಾಯಿತು.

ಡಿಸೆಂಬರ್ 28, ಭಾನುವಾರ. ಕೌಂಟರಿನಲ್ಲಿ 40 ನಿಮಿಷ ಹೋಯಿತು. ಎದುರು ಕೂತ ಹುಡುಗ ದೊಡ್ಡ ಕಾರು ತಗೊಳ್ಳಿ, ಇನ್ನೊಂದು ವಿಮೆ ತಗೊಳ್ಳಿ ಎಂದು ನಾಲ್ಕು ಸಲ ಕೇಳಿದ. ಬೇಡ ಎಂದು ನಾಲ್ಕು ಸಲ ಹೇಳಿದೆ. ಕಾರಿನ ಸುತ್ತ ನಡೆದು, ಇದ್ದ ಗೀರುಗಳೆಲ್ಲ ಕಾಣುವ ಹಾಗೆ ವೀಡಿಯೋ ಮಾಡಿದೆ. ಪೆಟ್ರೋಲಿನ ಮುಳ್ಳು, ಓಡಿದ ಕಿಲೋಮೀಟರ್, ಅದರದ್ದೂ ಒಂದು ಫೋಟೋ. ಅಲ್ಲಿ ಸಣ್ಣ ಗೀರು ಬಿದ್ದರೂ ಪೊಲೀಸರ ಕಾಗದ ಇಲ್ಲದೆ ಗ್ಯಾರೇಜಿನವರು ಮುಟ್ಟುವುದಿಲ್ಲ. ಆ ಕಾಗದ ಇಲ್ಲದಿದ್ದರೆ ವಿಮೆಯೂ ಇಲ್ಲ.

ಮೊದಲ ತಿರುವಿನಲ್ಲೇ ಇಂಡಿಕೇಟರ್ ಎಂದುಕೊಂಡು ವೈಪರ್ ಹಾಕಿದೆ. ಎರಡನೇ ತಿರುವಿನಲ್ಲೂ. ಒಂದು ಹನಿ ಮಳೆ ಇಲ್ಲದ ಊರಿನಲ್ಲಿ ನಮ್ಮ ಕಾರಿನ ವೈಪರ್ ಮಾತ್ರ ಆಟಿ ತಿಂಗಳಿನ ಹಾಗೆ ಓಡುತ್ತಿತ್ತು. ಅಮ್ಮ ಮುಂದಿನ ಸೀಟಿನಲ್ಲಿ ಊರಿನ ಡ್ರೈವರ್ ಜಾಗದಲ್ಲಿ ಕೂತು, ಇಲ್ಲದ ಬ್ರೇಕನ್ನು ಕಾಲಿನಲ್ಲಿ ಒತ್ತುತ್ತಲೇ ಇದ್ದರು. 311ಕ್ಕೆ ಸೇರಿದ ಮೇಲೆ ನನ್ನ ಕೈ ಸಡಿಲವಾಯಿತು. ಒಂದೂ ಗುಂಡಿ ಇಲ್ಲದ ರಸ್ತೆ. ಚೆರ್ಕಳದಿಂದ ಬದಿಯಡ್ಕಕ್ಕೆ ಓಡಿಸಿ ಅಭ್ಯಾಸ ಇದ್ದವನಿಗೆ ಅದೇ ದೊಡ್ಡ ರೈಡ್.

ಸೀವರ್ಲ್ಡ್‌ನಲ್ಲಿ ಅಮ್ಮ ನಾಲ್ಕು ಗಂಟೆ ಎಲ್ಲಿಯೂ ಕೂರುತ್ತೇನೆ ಅನ್ನಲಿಲ್ಲ. ಪೆಂಗ್ವಿನ್ ಇರುವಲ್ಲಿ ಸೆರಗು ತಲೆಗೆ ಹೊದ್ದು ನಿಂತರು. ದೊಡ್ಡ ತೊಟ್ಟಿಯ ಗಾಜಿನ ಎದುರು ನಿಂತು, ಕೈ ಅಗಲದ ತಿರಂಡಿ ಮೀನು ತಲೆ ಮೇಲಿಂದ ಹಾದು ಹೋದಾಗ, "ಇದನ್ನು ತಿನ್ನುವವರು ಹೇಗೆ ತಿನ್ನುತ್ತಾರಪ್ಪ" ಅಂದರು. ಪಕ್ಕದಲ್ಲಿದ್ದ ಕಣ್ಣೂರಿನ ಕುಟುಂಬಕ್ಕೆ ಅದು ಅರ್ಥವಾಗಲಿಲ್ಲ, ಒಳ್ಳೆಯದೇ ಆಯಿತು.

ಮರುದಿನ ಫೆರಾರಿ. ಅಲ್ಲಿ ಫಾರ್ಮುಲಾ ರೋಸಾ ಎಂಬ ಕೋಸ್ಟರ್ ಗಂಟೆಗೆ 240 ಕಿಲೋಮೀಟರ್ ವೇಗ ಮುಟ್ಟುತ್ತದೆ. ಮಗಳಿಗೆ ಧೈರ್ಯ ಇತ್ತು, ನನಗೆ ಇರಲಿಲ್ಲ. ಅದರ ಹತ್ತಿರ ಹೋಗದ ಹಾಗೆ ದಾರಿ ತಪ್ಪಿಸಿ ತಪ್ಪಿಸಿ ಅವಳನ್ನು ಬೇರೆ ಕಡೆ ಕರಕೊಂಡು ಹೋದೆ. ರಜೆಯ ಜನ ಎಷ್ಟು ಅಂದರೆ ಮಧ್ಯಾಹ್ನದ ತನಕ ಮೂರೇ ರೈಡ್ ಆಯಿತು. ಆರಾಮ ಕುರ್ಚಿಯ ಟಿಕೆಟ್ ತಗೊಳ್ಳಬೇಕಿತ್ತು ಎಂದು ಅಲ್ಲಿ ಒಂದು ಸಲ ಅನ್ನಿಸಿತು. ವಾರ್ನರ್‌ನಿಂದ ಮಗ ಹೊರಗೆ ಬಂದದ್ದು ಹೆಂಡತಿಯ ಹೆಗಲ ಮೇಲೆ, ನಿದ್ದೆಯಲ್ಲಿ. ರಾತ್ರಿ ವಾಪಸು ಬರುವಾಗ ಒಂದು ತಿರುವು ತಪ್ಪಿ ಶೇಖ್ ಝಾಯೆದ್ ರೋಡಿಗೇ ಸೇರಿಕೊಂಡೆ. ಇಚ್ಚನ ಮಾತು ನೆನಪಾಗುವಷ್ಟರಲ್ಲಿ ಮೊದಲ ಸಾಲಿಕ್ ಗೇಟು ತಲೆ ಮೇಲೆ ಹೋಯಿತು.

ಮಂಗಳವಾರ 7.50ಕ್ಕೆ ಕಾರು ವಾಪಸು ಕೊಟ್ಟೆ. ಠೇವಣಿ ಆ ದಿನವೇ ಬಿಡುಗಡೆ ಆಗುವುದಿಲ್ಲ. ದಂಡದ ನೋಟೀಸುಗಳು ಬಂದು ಮುಗಿಯಲಿ ಎಂದು ಕಾಯುತ್ತಾರೆ. ಊರಿಗೆ ಬಂದು, ಶಾಲೆ ಶುರುವಾಗಿ, ಅಡಿಕೆ ಸುಲಿಯುವವರು ಬಂದು ಹೋದರೂ ಮೆಸೇಜ್ ಇಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ನೋಡುವುದು ಅದನ್ನೇ. 23ನೇ ದಿನ ಬಂತು. ಸಾಲಿಕ್ ಮತ್ತು ಅದರ ಮೇಲಿನ ಅವರ ಸೇವಾ ಶುಲ್ಕ ಕಳೆದು ಉಳಿದದ್ದು ಪೂರ್ತಿ. ದಂಡ ಒಂದೂ ಇಲ್ಲ.

ಅದನ್ನು ಹೇಳಲು ಸಂಜೆ ಇಚ್ಚನ ಮನೆಗೆ ಹೋದೆ. ಅವರಿಗೆ ದಂಡದ ಸುದ್ದಿ ಬೇಕಿರಲಿಲ್ಲ. ಫೋನಿನಲ್ಲಿದ್ದ ವೀಡಿಯೋಗಳನ್ನು ಒಂದೊಂದಾಗಿ ನೋಡಿದರು. ಫೆರಾರಿಯ ಕೆಂಪು ಮಾಡು ಕಂಡಾಗ ನಿಲ್ಲಿಸು ಅಂದರು. "ಇದನ್ನು ಕಟ್ಟುವಾಗ ನೀರು ಹಾಕಿದ್ದು ನಾನು. ಗೇಟಿನ ಹತ್ತಿರ ಬಿಸಿಲಲ್ಲಿ ಎಷ್ಟು ಹೊತ್ತು ಲೈನು ನಿಂತಿದ್ದೇನೆ ಮಾರಾಯ. ಒಳಗೆ ಹೋದವನಲ್ಲ."

ಆಮೇಲೆ ಸೀವರ್ಲ್ಡ್‌ನ ದೊಡ್ಡ ತೊಟ್ಟಿ ಬಂತು. ಅಮ್ಮ ಗಾಜಿಗೆ ಅಂಟಿ ನಿಂತಿದ್ದಾರೆ.

"ಇದರಲ್ಲಿ ನೀರು ಎಷ್ಟು ಉಂಟು?"

"ಎರಡೂವರೆ ಕೋಟಿ ಲೀಟರ್ ಅಂತೆ."

ಇಚ್ಚ ಕಣ್ಣು ಮುಚ್ಚಿದರು. ಬೆರಳುಗಳು ಓಡಿದವು. ಅವರ ಟ್ಯಾಂಕರ್ 5000 ಗ್ಯಾಲನಿನದ್ದು. ಲೀಟರಿಗೆ ತಂದರು, ಭಾಗ ಮಾಡಿದರು, ಒಂದು ಸಲ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಿದರು.

"ಸಾವಿರದ ನೂರು ಟ್ರಿಪ್ಪು" ಅಂದರು. "ದಿನಕ್ಕೆ ನಾಲ್ಕು ಹೊಡೆದರೆ ಮುಕ್ಕಾಲು ವರ್ಷ. ಶುಕ್ರವಾರ ರಜೆ ಬಿಟ್ಟು."